ಬಾಡಿಗೆ ಮನೆಗೆ ಮೊಳೆ ಹೊಡೆಯಬೇಡಿ: ಡಿಸಿಎಸ್‌ನಲ್ಲಿ ಮಾಡ್ ಮತ್ತು ಕಾಕ್‌ಪಿಟ್ ನೋಟದ ರಿಪೇರಿ

ಹೋದ ಶನಿವಾರ ರಾತ್ರಿ ಹತ್ತೂವರೆಗೆ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ. ಸ್ಪೀಕರ್ ಆನ್ ಇತ್ತು.

"ಮಾವ, ಮಿಗ್‌ಗೆ ಇಂಡಿಯನ್ ಪೇಂಟ್ ಹಾಕಿದ್ದೆ, ಲಿಸ್ಟಲ್ಲೇ ಬರ್ತಿಲ್ಲ. ಸ್ಕೈಹಾಕ್ ಮಾಡ್ ಹಾಕ್ದೆ, ಅದೂ ಬರ್ತಿಲ್ಲ. ಈಗ ನೋಡಿದ್ರೆ ನನ್ನ ತಲೆ ಸೀಟಿನ ಹಿಂದೆ ಹೋಗಿ ಕೂತಿದೆ."

ತಟ್ಟೆ ಎತ್ತುತ್ತಿದ್ದ ನನ್ನ ಹೆಂಡತಿ ಗಾಬರಿಯಾದಳು. "ಏನಾಯ್ತ್ರೀ ಹುಡುಗನ ತಲೆಗೆ?"

ಹುಡುಗನಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರಿನ ವಿಮಾನದ ಆಟದಲ್ಲಿ ಒಂದೇ ಸಂಜೆ ಮೂರು ಕೆಲಸ ಮಾಡಿದ್ದ, ಅಷ್ಟೇ.

ನಾನು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ಮೆಂಟೆನೆನ್ಸ್ ಮಾಡುತ್ತೇನೆ. ಹದಿನೆಂಟು ವರ್ಷ ಆಯಿತು. ಮೆಷಿನ್ ನಿಂತರೆ ಹೊಸ ಹುಡುಗರು ಸೆನ್ಸರ್, ಕೇಬಲ್, ಕಾರ್ಡ್ ಮೂರನ್ನೂ ಒಟ್ಟಿಗೇ ಬದಲಾಯಿಸುತ್ತಾರೆ. ಮೆಷಿನ್ ಓಡುತ್ತದೆ. ಆದರೆ ಕೆಟ್ಟಿದ್ದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ವಾರ ಮತ್ತೆ ನಿಲ್ಲುತ್ತದೆ, ಮತ್ತೆ ಮೂರನ್ನೂ ಬದಲಾಯಿಸುತ್ತಾರೆ. ಸಿಮ್ಯುಲೇಟರ್‌ನಲ್ಲೂ ಇದೇ ಕಥೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಅವನಿಗೆ ಆ ರಾತ್ರಿ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ನಿಧಾನವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡಿಸಿಎಸ್ ವರ್ಲ್ಡ್ ಅಂದರೆ ಈಗಲ್ ಡೈನಾಮಿಕ್ಸ್ ಕಂಪನಿಯ ಯುದ್ಧವಿಮಾನ ಸಿಮ್ಯುಲೇಟರ್. ಆಟ ಪುಕ್ಕಟೆ. ಸುಖೋಯ್ 25ಟಿ ಮತ್ತು ಟಿಎಫ್-51ಡಿ ಮಸ್ಟ್ಯಾಂಗ್, ಜೊತೆಗೆ ಕಾಕಸಸ್ ಮತ್ತು ಮರಿಯಾನಾ ನಕ್ಷೆಗಳು ಅದರೊಳಗೇ ಬರುತ್ತವೆ. ಉಳಿದ ಬಹುತೇಕ ವಿಮಾನಗಳಿಗೆ ದುಡ್ಡು. ಮಾಡ್ ಅಂದರೆ ಹೊರಗಿನವರು ಮಾಡಿ ಹಂಚಿದ, ನಾವು ಆಟಕ್ಕೆ ಸೇರಿಸಿಕೊಳ್ಳುವ ವಿಮಾನ, ಬಣ್ಣ, ಶಬ್ದ ಇಂಥವು. ನಮ್ಮ ಹುಡುಗ ಕೊಂಡಿದ್ದು ಮಿಗ್-21 ಬಿಸ್. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಮ್ಮ ವಾಯುಪಡೆ ಮಿಗ್-21ನ್ನು ಬೀಳ್ಕೊಟ್ಟಿತಲ್ಲ, ಅದನ್ನು ಟಿವಿಯಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡ. ಆದರೆ ಕೊನೆಯವರೆಗೆ ಹಾರಿದ್ದು ಮೇಲ್ದರ್ಜೆಗೇರಿಸಿದ ಬೈಸನ್. ಆಟದಲ್ಲಿರುವುದು ಅದಕ್ಕಿಂತ ಹಳೆಯ ಬಿಸ್. ಇದನ್ನು ಅವನಿಗೆ ಎಷ್ಟು ಸಲ ಹೇಳಿದರೂ ಬೈಸನ್‌ನ ಕ್ಷಿಪಣಿ ಹುಡುಕುವುದು ಬಿಟ್ಟಿಲ್ಲ.

ಎರಡು ಮನೆ

ನಿಮ್ಮ ಕಂಪ್ಯೂಟರಿನಲ್ಲಿ ಡಿಸಿಎಸ್‌ಗೆ ಎರಡು ಮನೆ ಇವೆ. ಒಂದು, ಆಟ ಇನ್‌ಸ್ಟಾಲ್ ಆದ ಫೋಲ್ಡರ್. ಅದು ಬಾಡಿಗೆ ಮನೆ. ಪ್ರತಿ ಅಪ್‌ಡೇಟ್‌ಗೂ ಓನರ್ ಬಂದು ಗೋಡೆಗೆ ಸುಣ್ಣ ಬಳಿದು ಹೋಗುತ್ತಾರೆ. ನೀವು ಹೊಡೆದ ಮೊಳೆ, ತೂಗುಹಾಕಿದ ಕ್ಯಾಲೆಂಡರ್ ಉಳಿಯುತ್ತದೆ ಅಂತ ನಂಬುವಂತಿಲ್ಲ. ಇನ್ನೊಂದು, ನಿಮ್ಮ ವಿಂಡೋಸ್ ಯೂಸರ್ ಹೆಸರಿನ ಒಳಗಿರುವ 'ಸೇವ್ಡ್ ಗೇಮ್ಸ್', ಅದರೊಳಗಿನ 'ಡಿಸಿಎಸ್' ಫೋಲ್ಡರ್. ಅದು ನಿಮ್ಮ ಸ್ವಂತ ಮನೆ. ಕೀಲಿ ಜೋಡಣೆ, ನೋಟದ ಸೆಟ್ಟಿಂಗ್, ನೀವು ಹಾಕಿದ ವಿಮಾನ, ಪೇಂಟ್, ಲಾಗ್ (ಆಟ ತಾನು ಮಾಡಿದ್ದನ್ನು ಬರೆದಿಡುವ ಫೈಲ್) ಎಲ್ಲ ಅಲ್ಲಿರುತ್ತವೆ. ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ.

ಮಾಡ್ ತೊಂದರೆಗಳಲ್ಲಿ ಅರ್ಧಕ್ಕರ್ಧ, ಸ್ವಂತ ಮನೆಯಲ್ಲಿ ಇಡಬೇಕಾದ್ದನ್ನು ಬಾಡಿಗೆ ಮನೆಯಲ್ಲಿ ಇಟ್ಟಿದ್ದರಿಂದ ಬಂದವು. ಇದು ನನ್ನ ಲೆಕ್ಕ. ನನ್ನ ತಪ್ಪುಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇಲ್ಲೊಂದು ಸಣ್ಣ ಗುಂಡಿ ಇದೆ. ಹಿಂದೆ ಆಟಕ್ಕೆ ಸ್ಟೇಬಲ್, ಓಪನ್ ಬೀಟಾ ಅಂತ ಎರಡು ಆವೃತ್ತಿ ಇದ್ದವು. 2024ರಲ್ಲಿ ಎರಡನ್ನೂ ಒಂದು ಮಾಡಿದರು. ಹಳಬರ ಸೇವ್ಡ್ ಗೇಮ್ಸ್ ಒಳಗೆ ಈಗಲೂ 'ಡಿಸಿಎಸ್' ಮತ್ತು 'ಡಿಸಿಎಸ್ ಡಾಟ್ ಓಪನ್‌ಬೀಟಾ' ಅಂತ ಎರಡು ಫೋಲ್ಡರ್ ಇರಬಹುದು. ಆಟ ಓದುವುದು ಒಂದನ್ನು ಮಾತ್ರ. ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಟವನ್ನು ಒಮ್ಮೆ ತೆರೆದು ಮುಚ್ಚಿ. ಎರಡರ ಒಳಗೂ ಹೋಗಿ 'ಲಾಗ್ಸ್' ಫೋಲ್ಡರ್ ನೋಡಿ. ಯಾವುದರಲ್ಲಿ ಲಾಗ್ ಫೈಲಿನ ಹೊತ್ತು ಈಗ ತಾನೇ ಅಂತ ಇದೆಯೋ ಅದೇ ನಿಮ್ಮ ಮನೆ. ನನ್ನ ಸ್ನೇಹಿತರೊಬ್ಬರು ಒಂದು ಭಾನುವಾರ ಪೂರ್ತಿ ಖಾಲಿ ಮನೆಗೆ ಸಾಮಾನು ಸಾಗಿಸಿದರು.

ಪೇಂಟ್ ಕಾಣದಿದ್ದರೆ

ವಿಮಾನದ ಬಣ್ಣಕ್ಕೆ ಆಟದಲ್ಲಿ ಲಿವರಿ ಅನ್ನುತ್ತಾರೆ. ಅದರ ಜಾಗ ಹೀಗೆ: ಸೇವ್ಡ್ ಗೇಮ್ಸ್, ಡಿಸಿಎಸ್, ಅದರೊಳಗೆ 'ಲಿವರೀಸ್', ಅದರೊಳಗೆ ವಿಮಾನದ ಹೆಸರಿನ ಫೋಲ್ಡರ್, ಅದರೊಳಗೆ ಪೇಂಟಿನ ಫೋಲ್ಡರ್. 'ಲಿವರೀಸ್' ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ.

ವಿಮಾನದ ಹೆಸರು ನಮಗೆ ಇಷ್ಟ ಬಂದ ಹಾಗೆ ಇರುವಂತಿಲ್ಲ. ಆಟ ಒಳಗೊಳಗೆ ಬಳಸುವ ಹೆಸರೇ ಬೇಕು. ಹಾರ್ನೆಟ್ ಅನ್ನುವ ಯುದ್ಧವಿಮಾನಕ್ಕೆ ಬರೀ ಹಾರ್ನೆಟ್ ಅಂತ ಹೆಸರಿಟ್ಟರೆ ಕಾಣುವುದಿಲ್ಲ. 'ಎಫ್ಎ-18ಸಿ', ಒಂದು ಅಂಡರ್‌ಸ್ಕೋರ್, ಆಮೇಲೆ 'ಹಾರ್ನೆಟ್', ಹೀಗಿರಬೇಕು. ಎಫ್-16ಕ್ಕೆ 'ಎಫ್-16ಸಿ', ಅಂಡರ್‌ಸ್ಕೋರ್, '50'. ಬಾಯಿಪಾಠ ಮಾಡಬೇಕಿಲ್ಲ. ಬಾಡಿಗೆ ಮನೆಯಲ್ಲಿ 'ಬಜಾರ್' ಒಳಗಿನ ಲಿವರೀಸ್‌ನಲ್ಲೋ, ಆ ವಿಮಾನದ ಸ್ವಂತ ಫೋಲ್ಡರಿನ ಲಿವರೀಸ್‌ನಲ್ಲೋ ಹೆಸರು ಸಿಗುತ್ತದೆ. ಕಾಪಿ ಮಾಡಿ ತನ್ನಿ. ನೋಡಿ ಬರುವುದಕ್ಕೆ ಬಾಡಿಗೆ ಮನೆಗೆ ಹೋಗಬಹುದು, ತೊಂದರೆ ಇಲ್ಲ.

ನಮ್ಮ ಹುಡುಗ ಇಷ್ಟನ್ನೂ ಸರಿಯಾಗಿಯೇ ಮಾಡಿದ್ದ. ಆದರೂ ಪೇಂಟ್ ಇಲ್ಲ.

"ಮಿಷನ್ ಎಡಿಟರಲ್ಲಿ ವಿಮಾನ ಯಾವ ದೇಶದ್ದು ಅಂತ ಇಟ್ಟಿದ್ದೀಯ?" ಅಂದೆ. ಮಿಷನ್ ಅಂದರೆ ಆಟದ ಒಂದು ಹಾರಾಟ, ಅದನ್ನು ಜೋಡಿಸುವ ಜಾಗ ಮಿಷನ್ ಎಡಿಟರ್.

"ರಷ್ಯಾ. ಅದಾಗೇ ಬಂತು ಮಾವ."

ಅಲ್ಲೇ ಇತ್ತು. ಪೇಂಟಿನ ಫೋಲ್ಡರಿನಲ್ಲಿ 'ಡಿಸ್ಕ್ರಿಪ್ಷನ್ ಡಾಟ್ ಲುವಾ' ಅಂತ ಒಂದು ಸಣ್ಣ ಫೈಲ್ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಅದರಲ್ಲಿ 'ಕಂಟ್ರೀಸ್' ಅಂತ ಒಂದು ಸಾಲು ಇದ್ದರೆ, ಆ ಸಾಲಿನಲ್ಲಿ ಬರೆದ ದೇಶಗಳಿಗೆ ಮಾತ್ರ ಆ ಪೇಂಟ್ ಕಾಣುತ್ತದೆ. ಇಲ್ಲಿ ಭಾರತದ ಮೂರಕ್ಷರ ಬರೆದಿತ್ತು. ರಷ್ಯಾದ ಮಿಗ್‌ಗೆ ಭಾರತದ ಬಣ್ಣ ಕೊಡಲು ಆಟ ಒಪ್ಪಲಿಲ್ಲ, ಅಷ್ಟೇ. ಒಂದೋ ಮಿಷನ್‌ನಲ್ಲಿ ದೇಶ ಬದಲಾಯಿಸಿ, ಇಲ್ಲವೇ ಆ ಸಾಲಿನ ಮುಂದೆ ಎರಡು ಅಡ್ಡಗೆರೆ (--) ಹಾಕಿ. ಎರಡು ಅಡ್ಡಗೆರೆ ಹಾಕಿದ ಸಾಲನ್ನು ಲುವಾ, ಅಂದರೆ ಆ ಫೈಲಿನ ಪ್ರೋಗ್ರಾಂ ಭಾಷೆ, ಓದುವುದಿಲ್ಲ. ಸಾಲನ್ನು ಅಳಿಸುವುದಕ್ಕಿಂತ ಇದು ಒಳ್ಳೆಯದು, ಬೇಕಾದಾಗ ವಾಪಸ್ ತರಬಹುದು.

ಪೇಂಟ್ ಬಂತು, ಆದರೆ ರೆಕ್ಕೆ ಮಾತ್ರ ಚೌಕಳಿ ಚೌಕಳಿಯಾಗಿ ಕಾಣುತ್ತಿದೆ ಅನ್ನಿ. ಆಗ ಅದೇ ಫೈಲ್ ಹೇಳುತ್ತಿರುವ ಹೆಸರಿನ ಚಿತ್ರ ಆ ಫೋಲ್ಡರಿನಲ್ಲಿ ಇಲ್ಲ ಅಂತ ಅರ್ಥ. ಸಾಲಿನ ಕೊನೆಯಲ್ಲಿ 'ಫಾಲ್ಸ್' ಇದ್ದರೆ ಚಿತ್ರವನ್ನು ಇದೇ ಫೋಲ್ಡರಿನಲ್ಲಿ ಹುಡುಕುತ್ತದೆ. 'ಟ್ರೂ' ಇದ್ದರೆ ಆಟದ ಬಳಿ ಇರುವುದನ್ನು ತೆಗೆದುಕೊಳ್ಳುತ್ತದೆ. ಹೆಸರಿನಲ್ಲಿ ಒಂದಕ್ಷರ ಆಚೀಚೆ ಆದರೂ ಸಾಕು.

ವಿಮಾನವೇ ಕಾಣದಿದ್ದರೆ

ಎ-4ಇ ಸ್ಕೈಹಾಕ್ ಹವ್ಯಾಸಿಗಳು ಸೇರಿ ಮಾಡಿ ಪುಕ್ಕಟೆ ಹಂಚಿದ ವಿಮಾನ. ದುಡ್ಡು ಕೊಟ್ಟು ಕೊಂಡ ಕೆಲವು ವಿಮಾನಗಳಿಗಿಂತ ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. ರೆಕ್ಕೆ ಎಷ್ಟು ಗಿಡ್ಡ ಅಂದರೆ ನೌಕೆಯ ಮೇಲೆ ಮಡಿಸುವ ಅಗತ್ಯವೇ ಇರಲಿಲ್ಲ.

ಇದರ ಜಾಗ ಸ್ವಂತ ಮನೆಯ 'ಮಾಡ್ಸ್', ಅದರೊಳಗೆ 'ಏರ್‌ಕ್ರಾಫ್ಟ್', ಅದರೊಳಗೆ ವಿಮಾನದ ಫೋಲ್ಡರ್. ಆ ಫೋಲ್ಡರನ್ನು ತೆರೆದ ಕೂಡಲೇ 'ಎಂಟ್ರಿ ಡಾಟ್ ಲುವಾ' ಕಣ್ಣಿಗೆ ಬೀಳಬೇಕು. ಕಾಣದೆ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇದ್ದರೆ, ಜಿಪ್ ಬಿಚ್ಚುವಾಗ ಡಬ್ಬಿಯೊಳಗೆ ಡಬ್ಬಿ ಆಗಿದೆ. ಒಳಗಿನ ಡಬ್ಬಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ತನ್ನಿ. ಹತ್ತರಲ್ಲಿ ಎಂಟು ಸಲ ಸಮಸ್ಯೆ ಇಷ್ಟೇ. ಹುಡುಗನದೂ ಇದೇ ಆಗಿತ್ತು. ಸರಿಯಾಗಿ ಕೂತರೆ ಮೇನ್ ಮೆನುವಿನ ಕೆಳಗಿನ ಸಾಲಿನಲ್ಲಿ ಆ ವಿಮಾನದ ಐಕಾನ್ ಬರುತ್ತದೆ.

ಇನ್ನೊಂದು ಮಾತು. ಮಾಡ್ ವಿಮಾನ ಬಳಸಿ ಮಾಡಿದ ಮಿಷನ್ ಫೈಲಿಗೆ ಆ ಮಾಡ್‌ನ ನೆನಪು ಇರುತ್ತದೆ. ಮಾಡ್ ತೆಗೆದ ಮೇಲೆ ಆ ಮಿಷನ್ ತೆರೆದರೆ 'ಇಂಥದ್ದು ಬೇಕು' ಅಂತ ಆಟ ಹಟ ಹಿಡಿಯುತ್ತದೆ. ಆಟ ಕೆಟ್ಟಿದೆ ಅಂದುಕೊಳ್ಳಬೇಡಿ.

ಮೊಳೆ ಹೊಡೆಯಲೇಬೇಕಾದಾಗ

ಕೆಲವು ಮಾಡ್‌ಗಳಿಗೆ ಬೇರೆ ದಾರಿ ಇಲ್ಲ. ಶಬ್ದ, ಕಾಕ್‌ಪಿಟ್‌ನ ಬಣ್ಣ, ಮೋಡ, ಇಂಥವು ಆಟದ ಮೂಲ ಫೈಲನ್ನೇ ಬದಲಾಯಿಸುತ್ತವೆ. ಕೈಯಾರೆ ಕಾಪಿ ಮಾಡಬೇಡಿ. ಮಾಡ್ ಮ್ಯಾನೇಜರ್ ಬಳಸಿ. ಹಳೆಯದು ಓವಿಜಿಎಂಇ, ಅದೇ ಲೇಖಕರ ಹೊಸದು ಓಪನ್ ಮಾಡ್ ಮ್ಯಾನ್. ಮಾಡ್ ಆನ್ ಮಾಡಿದಾಗ ಇವು ಮೂಲ ಫೈಲನ್ನು ಪಕ್ಕಕ್ಕೆ ಎತ್ತಿಟ್ಟು, ಮಾಡ್‌ನ ಫೈಲನ್ನು ಆ ಜಾಗದಲ್ಲಿ ಕೂರಿಸುತ್ತವೆ. ಆಫ್ ಮಾಡಿದಾಗ ಎತ್ತಿಟ್ಟಿದ್ದನ್ನು ವಾಪಸ್ ಇಡುತ್ತವೆ.

ಚೆನ್ನಾಗಿದೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ಆರು ಮಾಡ್ ಆನ್ ಇಟ್ಟುಕೊಂಡೇ ಆಟವನ್ನು ಅಪ್‌ಡೇಟ್ ಮಾಡಿದೆ. ಆಟ ತೆರೆಯಿತು, ಕಾಕ್‌ಪಿಟ್‌ನಲ್ಲಿ ಏನೋ ವಿಚಿತ್ರ. ಸರಿ, ಮಾಡ್ ಆಫ್ ಮಾಡೋಣ ಅಂತ ಆರನ್ನೂ ಆಫ್ ಮಾಡಿದೆ. ಅಲ್ಲಿಗೆ ಆಟ ತೆರೆಯುವುದೇ ನಿಂತಿತು.

ಯಾಕೆ ಅಂದರೆ, ಮ್ಯಾನೇಜರ್ ಬಳಿ ಎತ್ತಿಟ್ಟಿದ್ದು ಅಪ್‌ಡೇಟ್‌ಗಿಂತ ಮುಂಚಿನ ಮೂಲ ಫೈಲು. ಅಪ್‌ಡೇಟ್ ಹೊಸ ಫೈಲ್ ತಂದಿತ್ತು. ನಾನು ಆಫ್ ಮಾಡಿದಾಗ ಅದು ತನ್ನ ಕರ್ತವ್ಯವನ್ನು ಪ್ರಾಮಾಣಿಕವಾಗಿ ಮಾಡಿತು. ಹಳೆಯ ಫೈಲನ್ನು ಹೊಸದರ ಮೇಲೆ ಕೂರಿಸಿತು. ಅರ್ಧ ಹೊಸ ಆಟ, ಅರ್ಧ ಹಳೆಯ ಆಟ. ತಪ್ಪು ಮ್ಯಾನೇಜರ್‌ದಲ್ಲ, ನಂದೇ.

ಅಂದಿನಿಂದ ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದೇನೆ. ಅಪ್‌ಡೇಟ್‌ಗೆ ಮುಂಚೆ ಎಲ್ಲ ಮಾಡ್ ಆಫ್. ಅಪ್‌ಡೇಟ್. ಖಾಲಿ ಆಟ ಒಮ್ಮೆ ಓಡಿಸಿ ನೋಡು. ಆಮೇಲೆ ಒಂದೊಂದಾಗಿ ಆನ್.

ಆಗಲೇ ಎಡವಿದ್ದರೆ ರಿಪೇರಿ ಓಡಿಸಿ. ಸ್ಟಾರ್ಟ್ ಮೆನುವಿನಲ್ಲಿ ಡಿಸಿಎಸ್ ಪಕ್ಕದಲ್ಲೇ ರಿಪೇರಿಯ ಶಾರ್ಟ್‌ಕಟ್ ಇರುತ್ತದೆ. ನಿಧಾನದ ತಪಾಸಣೆಯನ್ನೇ ಆರಿಸಿ, ಹೆಚ್ಚುವರಿ ಫೈಲುಗಳನ್ನೂ ಹುಡುಕಲು ಹೇಳಿ. ಗಡಿಬಿಡಿಯ ತಪಾಸಣೆ ಎಲ್ಲವನ್ನೂ ಹಿಡಿಯುವುದಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡವರು ಅಲ್ಲಿನ ಫೈಲ್ ತಪಾಸಣೆ ಮಾಡಿಸಿ. ಆದರೆ ಸ್ಟೀಮ್ ತನ್ನ ಪಟ್ಟಿಯಲ್ಲಿರುವುದನ್ನು ಮಾತ್ರ ಸರಿಮಾಡುತ್ತದೆ. ನೀವು ಹೆಚ್ಚಿಗೆ ತಂದಿಟ್ಟ ಫೈಲ್ ಹಾಗೇ ಉಳಿಯುತ್ತದೆ. ಅದನ್ನು ಕೈಯಾರೆ ಹುಡುಕಿ ತೆಗೆಯಬೇಕು.

ಮಲ್ಟಿಪ್ಲೇಯರ್ ಸರ್ವರ್ ನಿಮ್ಮನ್ನು ಹೊರಗೆ ಹಾಕುತ್ತಿದ್ದರೂ ಕಾರಣ ಸಾಮಾನ್ಯವಾಗಿ ಇದೇ. ಮೂಲ ಫೈಲ್ ಬದಲಾಗಿದೆಯೇ ಅಂತ ಸರ್ವರ್ ನೋಡಬಹುದು. ಒಂದು ಗೇಜ್‌ನ ಬಣ್ಣ ಬದಲಾಗಿದ್ದಕ್ಕೂ ಬಾಗಿಲು ಹಾಕುತ್ತದೆ.

ಕಾರಣ ಏನೂ ತೋಚದಿದ್ದರೆ

ಶಾಪ್‌ಫ್ಲೋರ್‌ನಲ್ಲಿ ನಾವು ಮಾಡುವುದನ್ನೇ ಮಾಡಿ. ಮೊದಲು ದೋಷ ಯಾವ ಮನೆಯಲ್ಲಿದೆ ಅಂತ ಗೊತ್ತುಮಾಡಿಕೊಳ್ಳಿ. ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರಿನ ಹೆಸರನ್ನು 'ಡಿಸಿಎಸ್ ಹಳೆಯದು' ಅಂತ ಬದಲಾಯಿಸಿ. ಅಳಿಸಬೇಡಿ, ಹೆಸರು ಮಾತ್ರ ಬದಲಾಯಿಸಿ. ಆಟ ತೆರೆಯಿರಿ. ಅದು ಹೊಸ ಫೋಲ್ಡರ್ ಮಾಡಿಕೊಳ್ಳುತ್ತದೆ.

ತೊಂದರೆ ಹಾಗೇ ಇದ್ದರೆ ಅದು ಬಾಡಿಗೆ ಮನೆಯದ್ದು, ರಿಪೇರಿ ಓಡಿಸಿ. ತೊಂದರೆ ಹೋದರೆ ಅದು ನಿಮ್ಮ ಮನೆಯದ್ದು. ಈಗ ಹಳೆಯದರಿಂದ ಮೊದಲು 'ಕಾನ್ಫಿಗ್' ಒಳಗಿನ 'ಇನ್‌ಪುಟ್' ತನ್ನಿ, ಯಾಕೆಂದರೆ ಕೀಲಿ ಜೋಡಣೆ ಮತ್ತೆ ಮಾಡುವಷ್ಟು ತಾಳ್ಮೆ ಯಾರಿಗೂ ಇಲ್ಲ. ನೋಡಿ. ಆಮೇಲೆ ಮಾಡ್‌ಗಳಲ್ಲಿ ಅರ್ಧ ತನ್ನಿ. ನೋಡಿ. ಸರಿ ಇದ್ದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ. ಹದಿನಾರು ಮಾಡ್ ಇದ್ದರೂ ನಾಲ್ಕು ಸಲದಲ್ಲಿ ಸಿಕ್ಕಿಬೀಳುತ್ತಾನೆ.

'ಸ್ಕ್ರಿಪ್ಟ್ಸ್' ಒಳಗಿನ 'ಎಕ್ಸ್‌ಪೋರ್ಟ್ ಡಾಟ್ ಲುವಾ' ಮೇಲೂ ಕಣ್ಣಿಡಿ. ಹಾರಾಟ ದಾಖಲಿಸುವ ಟ್ಯಾಕ್‌ವ್ಯೂ, ರೇಡಿಯೋಗೆ ಬಳಸುವ ಎಸ್ಆರ್‌ಎಸ್, ಇಂಥ ಹೊರಗಿನ ಪ್ರೋಗ್ರಾಂಗಳು ಇದೇ ಒಂದು ಫೈಲಿನಲ್ಲಿ ತಮ್ಮ ತಮ್ಮ ಸಾಲು ಬರೆಯುತ್ತವೆ. ಯಾವುದೋ ಒಂದನ್ನು ತೆಗೆದ ಮೇಲೂ ಅದರ ಸಾಲು ಉಳಿದಿರಬಹುದು.

ಆಟ ದಿಢೀರ್ ಮುಚ್ಚಿಕೊಂಡರೆ ತಕ್ಷಣ ಮತ್ತೆ ತೆರೆಯಬೇಡಿ. ಲಾಗ್ಸ್ ಫೋಲ್ಡರಿನ 'ಡಿಸಿಎಸ್ ಡಾಟ್ ಲಾಗ್' ಫೈಲನ್ನು ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಪ್ರತಿ ಸಲ ತೆರೆದಾಗಲೂ ಅದನ್ನು ಹೊಸದಾಗಿ ಬರೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿ. 'ಎರರ್' ಅನ್ನೋ ಪದ ನೂರು ಕಡೆ ಸಿಗುತ್ತದೆ, ಹೆದರಬೇಡಿ, ಚೆನ್ನಾಗಿ ಓಡುವ ಆಟದಲ್ಲೂ ಅಷ್ಟಿರುತ್ತವೆ. ಕೊನೆಯ ಕೆಲವು ಸಾಲುಗಳಲ್ಲಿ ನಿಮ್ಮ ಯಾವುದಾದರೂ ಮಾಡ್‌ನ ಹೆಸರು ಇದೆಯಾ, ಅದನ್ನು ಹುಡುಕಿ.

ಇಷ್ಟೆಲ್ಲ ಪರೀಕ್ಷೆಗೆ ದೊಡ್ಡ ಮಿಷನ್ ಬಳಸಬೇಡಿ. ನನ್ನ ಬಳಿ ಒಂದು ಟೆಸ್ಟ್ ಮಿಷನ್ ಇದೆ. ಕಾಕಸಸ್ ನಕ್ಷೆ, ಬಟುಮಿ ವಿಮಾನ ನಿಲ್ದಾಣ, ಬೆಳಗಿನ ಹೊತ್ತು, ಮೋಡ ಇಲ್ಲ, ನಿಂತಿರುವ ಒಂದೇ ವಿಮಾನ. ಬೇಗ ತೆರೆಯುತ್ತದೆ. ಮಿಕ್ಕಿದ್ದೆಲ್ಲ ಒಂದೇ ಥರ ಇರುವುದರಿಂದ ಬದಲಾದದ್ದು ಎದ್ದು ಕಾಣುತ್ತದೆ.

ಕಾಕ್‌ಪಿಟ್ ನೋಟ

ಇನ್ನು ತಲೆಯ ವಿಷಯ.

ಮೊದಲು ಸುಲಭದ್ದು. ಕಾಕ್‌ಪಿಟ್ ಮಾಯವಾಗಿ ಎದುರಿನ ಹಸಿರು ಅಂಕಿಗಳು ಮಾತ್ರ ಉಳಿದಿವೆಯಾ? ಎಡಗಡೆಯ ಆಲ್ಟ್ ಜೊತೆ ಎಫ್1 ಒತ್ತಿದ್ದೀರಿ. ಮತ್ತೆ ಅದನ್ನೇ ಒತ್ತಿ. ಪೈಲಟ್‌ನ ತೊಡೆ ಅಡ್ಡ ಬಂದು ಸ್ವಿಚ್ ಕಾಣುತ್ತಿಲ್ಲವಾ? ಬಲಗಡೆಯ ಶಿಫ್ಟ್ ಜೊತೆ ಪಿ. ತಿರುಗಿದಾಗೆಲ್ಲ ತಲೆ ಕುಲುಕಿ ವಾಕರಿಕೆ ಬರುತ್ತಿದೆಯಾ? ಆಪ್ಷನ್ಸ್‌ನಲ್ಲಿ 'ಮಿಸ್ಕ್' ಟ್ಯಾಬ್, ಜಿ ಬಲಕ್ಕೆ ತಲೆ ಅಲುಗುವ ಆಯ್ಕೆಯ ಟಿಕ್ ತೆಗೆಯಿರಿ. ಅದು ನಿಜಕ್ಕೆ ಹತ್ತಿರ ಅನ್ನುವವರಿದ್ದಾರೆ. ನಾನು ರಾತ್ರಿ ಊಟ ಮಾಡಿ ಕೂರುವವನು, ನನಗೆ ಬೇಡ.

ನೋಟ ತಾನಾಗೇ ತಿರುಗುವುದು, ಜೂಮ್ ಉಸಿರಾಡಿದ ಹಾಗೆ ಹಿಂದೆ ಮುಂದೆ ಆಗುವುದು, ಇದು ಮಾಡ್ ತೊಂದರೆ ಅಲ್ಲ. ಹೊಸ ಯುಎಸ್‌ಬಿ ಸಾಧನ ಸಿಕ್ಕಿಸಿದರೆ ಡಿಸಿಎಸ್ ತಾನೇ ಅದರ ಅಕ್ಷಗಳಿಗೆ ಕೆಲಸ ಹಂಚಿಬಿಡುತ್ತದೆ. ಕೇಳುವುದಿಲ್ಲ. ನಿಮ್ಮ ಜಾಯ್‌ಸ್ಟಿಕ್‌ಗೂ ಪಿಚ್ (ಮೂತಿ ಏರಿಸಿ ಇಳಿಸುವುದು), ಪಕ್ಕದಲ್ಲಿರುವ ಗೇಮ್‌ಪ್ಯಾಡ್‌ಗೂ ಪಿಚ್. ಇಬ್ಬರು ಡ್ರೈವರ್, ಒಂದೇ ಸ್ಟೀರಿಂಗ್. ಕಂಟ್ರೋಲ್ಸ್‌ಗೆ ಹೋಗಿ, 'ಆ್ಯಕ್ಸಿಸ್ ಕಮಾಂಡ್ಸ್' ಆರಿಸಿ, ಪ್ರತಿ ಸಾಧನದ ಕಾಲಂ ಅನ್ನೂ ನೋಡಿ. ಬೇಡದ್ದನ್ನು ಅಳಿಸಿ. ಇದನ್ನು ಪ್ರತಿ ವಿಮಾನಕ್ಕೂ ಬೇರೆ ಬೇರೆ ಮಾಡಬೇಕು, ಬೇಜಾರೇ. ಹಾರುವಾಗ ಬಲಗಡೆಯ ಕಂಟ್ರೋಲ್ ಜೊತೆ ಎಂಟರ್ ಒತ್ತಿದರೆ ಒಂದು ಸಣ್ಣ ಚೌಕ ಬರುತ್ತದೆ. ಕೈ ಬಿಟ್ಟರೂ ಅದರೊಳಗಿನ ಗುರುತು ಅಲುಗುತ್ತಿದ್ದರೆ ಅಕ್ಷದಲ್ಲೇ ನಡುಕ ಇದೆ. ನನ್ನ ಹಳೆಯ ಜಾಯ್‌ಸ್ಟಿಕ್‌ನ ಸ್ಲೈಡರ್‌ಗೆ ಹತ್ತು ವರ್ಷ. ಅದಕ್ಕೆ ಜೂಮ್ ಕೊಟ್ಟಿದ್ದೆ. ಒಳಗಿನ ಪೊಟೆನ್ಶಿಯೋಮೀಟರ್ ಸವೆದು, ಎದುರಿನ ವಿಮಾನ ಹಿಗ್ಗಿ ಕುಗ್ಗುತ್ತಿತ್ತು. ಜೂಮ್ ಅನ್ನು ಎರಡು ಬಟನ್‌ಗೆ ಕೊಟ್ಟೆ. ಮುಗೀತು.

ಈಗ ಮುಖ್ಯವಾದದ್ದು. ಕೂರುವ ಜಾಗ. ಮೊದಲಿಗೆ ಸಿಗುವ ನೋಟ ನನಗೆ ಯಾವ ವಿಮಾನದಲ್ಲೂ ಹಿಡಿಸಿಲ್ಲ. ಕೆಲವದರಲ್ಲಿ ಬಾವಿಯೊಳಗೆ ಕೂತ ಹಾಗೆ. ಕೆಲವದರಲ್ಲಿ ಹಡ್‌ನ (ಪೈಲಟ್ ಎದುರಿನ ಗಾಜಿನಲ್ಲಿ ಅಂಕಿ ತೋರಿಸುವ ಸಾಧನ) ಮೇಲಿನ ಅಂಕಿ ಕತ್ತರಿಸಿ ಹೋಗುತ್ತದೆ. ಹಡ್ ಪೂರ್ತಿ ಕಾಣದಿದ್ದರೆ ಆಟ ಕೆಟ್ಟಿಲ್ಲ. ನಿಜವಾದ ಹಡ್ ಕೂಡ ಕಣ್ಣು ಸರಿಯಾದ ಎತ್ತರದಲ್ಲಿದ್ದರೆ ಮಾತ್ರ ಪೂರ್ತಿ ಕಾಣುವುದು. ಪೈಲಟ್‌ಗಳು ಸೀಟನ್ನು ಏರಿಸಿ ಇಳಿಸಿ ಹೊಂದಿಸಿಕೊಳ್ಳುತ್ತಾರೆ. ನಾವು ತಲೆಯನ್ನು ಏರಿಸಿ ಇಳಿಸಬೇಕು.

ಮೊದಲು ಮಿಸ್ಕ್ ಟ್ಯಾಬ್‌ನಲ್ಲಿ ಸ್ನ್ಯಾಪ್ ವ್ಯೂ, ಅಂದರೆ ನಿಮಗೆ ಬೇಕಾದ ನೋಟ, ಉಳಿಸುವ ಆಯ್ಕೆಗೆ ಟಿಕ್ ಹಾಕಿ. ಇದನ್ನು ಮರೆತರೆ ಮುಂದಿನದೆಲ್ಲ ಸುಮ್ನೆ ದಂಡ. ಮಿಷನ್ ತೆರೆದು ಸೀಟಿನಲ್ಲಿ ಕೂರಿ. ಬಲಗಡೆಯ ಕಂಟ್ರೋಲ್ ಮತ್ತು ಬಲಗಡೆಯ ಶಿಫ್ಟ್ ಎರಡನ್ನೂ ಹಿಡಿದುಕೊಂಡು ನಮ್‌ಪ್ಯಾಡಿನ 8 ಒತ್ತಿದರೆ ತಲೆ ಮೇಲೆ, 2 ಕೆಳಗೆ, 4 ಮತ್ತು 6 ಎಡ ಬಲ, ನಕ್ಷತ್ರ ಮುಂದೆ, ಭಾಗಾಕಾರದ ಗೆರೆ ಹಿಂದೆ. ಹಿಡಿದ ಎರಡನ್ನೂ ಬಿಟ್ಟು ಬರೀ ನಕ್ಷತ್ರ ಮತ್ತು ಗೆರೆ ಒತ್ತಿದರೆ ಜೂಮ್. ಮುಂದೆ ಹೋಗುವುದು ಬೇರೆ, ಜೂಮ್ ಬೇರೆ. ಮೊದಲನೆಯದು ನೀವು ಬಗ್ಗಿದ ಹಾಗೆ, ಎರಡನೆಯದು ಕಣ್ಣು ಕಿರಿದು ಮಾಡಿದ ಹಾಗೆ. ಮನಸ್ಸಿಗೆ ಒಪ್ಪಿದ ಜಾಗ ಸಿಕ್ಕಾಗ ಬಲಗಡೆಯ ಆಲ್ಟ್ ಜೊತೆ ನಮ್‌ಪ್ಯಾಡಿನ ಸೊನ್ನೆ. ಉಳಿಯಿತು. ಮಿಷನ್ ಮತ್ತೆ ತೆರೆದು ಖಾತ್ರಿ ಮಾಡಿಕೊಳ್ಳಿ.

ಲ್ಯಾಪ್‌ಟಾಪ್‌ನಲ್ಲಿ ನಮ್‌ಪ್ಯಾಡ್ ಇಲ್ಲದವರು ಕಂಟ್ರೋಲ್ಸ್‌ನಲ್ಲಿ 'ವ್ಯೂ ಕಾಕ್‌ಪಿಟ್' ಗುಂಪಿಗೆ ಹೋಗಿ 'ಸೇವ್ ಕಾಕ್‌ಪಿಟ್ ಆ್ಯಂಗಲ್ಸ್' ಅನ್ನುವುದಕ್ಕೆ ಬೇರೆ ಕೀಲಿ ಕೊಡಿ. ಇಲ್ಲವೇ ಯುಎಸ್‌ಬಿ ನಮ್‌ಪ್ಯಾಡ್ ಕೊಳ್ಳಿ. ನನ್ನ ಸಲಹೆ ಎರಡನೆಯದು.

ಜೂಮ್ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಟೇಪ್ ತೆಗೆದುಕೊಳ್ಳಿ. ನನ್ನದು 24 ಇಂಚಿನ ಮಾನಿಟರ್, ಅಗಲ 53 ಸೆಂಟಿಮೀಟರ್. ಕಣ್ಣಿಂದ ಪರದೆಗೆ 60 ಸೆಂಟಿಮೀಟರ್. ಲೆಕ್ಕ ಹಾಕಿದರೆ ಪರದೆ ನನ್ನ ಕಣ್ಣಿಗೆ ಸುಮಾರು 48 ಡಿಗ್ರಿ ಅಗಲದ ಕಿಟಕಿ. ಆ ಕಿಟಕಿಯಲ್ಲಿ ಆಟ 80 ಡಿಗ್ರಿಯ ನೋಟವನ್ನು ತುರುಕಿದರೆ, ಎದುರಿನ ವಿಮಾನ ನಿಜಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. ಶತ್ರು ಕಾಣುತ್ತಿಲ್ಲ, ಕನ್ನಡಕ ಬದಲಾಯಿಸಬೇಕೇನೋ ಅಂತ ನಾನು ಎರಡು ತಿಂಗಳು ಯೋಚಿಸಿದ್ದೆ. ಕಣ್ಣಿನದಲ್ಲ, ಡಿಗ್ರಿಯ ತಪ್ಪು. ಹಾಗಂತ ಯಾವಾಗಲೂ 48ರಲ್ಲಿ ಹಾರಲು ಆಗುವುದಿಲ್ಲ, ಕೊಳವೆಯಲ್ಲಿ ನೋಡಿದ ಹಾಗಿರುತ್ತದೆ. ಸಾಮಾನ್ಯಕ್ಕೆ ಅಗಲದ ನೋಟ ಉಳಿಸಿಕೊಂಡು, ಹುಡುಕುವಾಗ ಜೂಮ್ ಬಟನ್ ಒತ್ತಿ. ಜೂಮ್ ಮಾಡುವುದು ಮೋಸ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಹುಡುಗನ ತಲೆ ಸೀಟಿನ ಹಿಂದೆ ಹೋಗಿದ್ದು ಯಾಕೆ? ಇನ್ಯಾರೋ ಹಂಚಿದ 'ಸ್ನ್ಯಾಪ್‌ವ್ಯೂಸ್ ಡಾಟ್ ಲುವಾ' ಫೈಲನ್ನು ಇಳಿಸಿ ಹಾಕಿಕೊಂಡಿದ್ದ. ನೀವು ಉಳಿಸಿದ ನೋಟಗಳೆಲ್ಲ ಇದೇ ಫೈಲಿಗೆ ಬರುತ್ತವೆ. ಸ್ವಂತ ಮನೆಯ ಕಾನ್ಫಿಗ್ ಒಳಗೆ 'ವ್ಯೂ', ಅದರೊಳಗೆ. ಪ್ರತಿ ವಿಮಾನಕ್ಕೂ ಒಂದು ಕಂತೆ, ಕಂತೆಯಲ್ಲಿ 13ನೆಯದು ಮೊದಲು ಕೂತಾಗ ಕಾಣುವ ನೋಟ. ಅದರಲ್ಲಿ 'ವ್ಯೂ ಆ್ಯಂಗಲ್' ಅಂದರೆ ಜೂಮ್. 'ಎಕ್ಸ್ ಟ್ರಾನ್ಸ್' ಹಿಂದೆ ಮುಂದೆ, 'ವೈ ಟ್ರಾನ್ಸ್' ಮೇಲೆ ಕೆಳಗೆ, 'ಝಡ್ ಟ್ರಾನ್ಸ್' ಎಡ ಬಲ. ಆ ಪುಣ್ಯಾತ್ಮ ಬೇರೆ ಕಾಕ್‌ಪಿಟ್‌ಗೆ ಅಳೆದಿದ್ದ ಎಕ್ಸ್ ಇಲ್ಲಿಗೆ ಬಂದು, ಹುಡುಗನ ತಲೆ ಸೀಟು ದಾಟಿತ್ತು. ವಿಮಾನ ತಯಾರಿಸಿದವರು ಕಾಕ್‌ಪಿಟ್ ಹೊಸದು ಮಾಡಿದಾಗಲೂ ಹಳೆಯ ಅಂಕಿಯಿಂದ ಹೀಗಾಗಬಹುದು.

"ಆಟ ಮುಚ್ಚು. ಆ ಫೈಲಿನ ಹೆಸರು ಬದಲಾಯಿಸು. ತೆರೆ," ಅಂದೆ.

"ಬಂತು ಮಾವ, ತಲೆ ಬಂತು."

ಒಳಗಿಂದ ಹೆಂಡತಿ, "ಸದ್ಯ," ಅಂದಳು.

ತಲೆ ತಿರುಗಿಸಿದರೆ ನೋಟ ತಿರುಗಬೇಕು ಅನ್ನುವವರಿಗೆ ಓಪನ್‌ಟ್ರ್ಯಾಕ್ ಇದೆ. ಪುಕ್ಕಟೆ, ಸಾದಾ ವೆಬ್‌ಕ್ಯಾಮ್ ಸಾಕು. ಇನ್‌ಪುಟ್‌ನಲ್ಲಿ 'ನ್ಯೂರಲ್‌ನೆಟ್ ಟ್ರ್ಯಾಕರ್', ಔಟ್‌ಪುಟ್‌ನಲ್ಲಿ 'ಫ್ರೀಟ್ರ್ಯಾಕ್ 2.0 ಎನ್‌ಹಾನ್ಸ್ಡ್' ಆರಿಸಿ. ಆಟಕ್ಕಿಂತ ಮೊದಲೇ ಇದನ್ನು ಶುರುಮಾಡಿ. ಮುಖದ ಮೇಲೆ ಬೆಳಕು ಬೀಳಲಿ. ಬೆನ್ನ ಹಿಂದೆ ಟ್ಯೂಬ್‌ಲೈಟ್ ಇದ್ದರೆ ನೋಟ ನಡುಗುತ್ತದೆ. ಮುಂದೆ ಬಗ್ಗಿದಾಗ ಬೇಡದೆಯೂ ಜೂಮ್ ಆಗುತ್ತಿದ್ದರೆ, ಆಕ್ಸಿಸ್ ಪಟ್ಟಿಯಲ್ಲಿ ಟ್ರ್ಯಾಕ್‌ಐಆರ್ ಕಾಲಂನ (ತಲೆಯ ಚಲನೆಗೆ ಆಟ ಇಟ್ಟಿರುವ ಹೆಸರು) ಝಡ್ ಯಾವುದಕ್ಕೆ ಬಿದ್ದಿದೆ ನೋಡಿ, ಜೂಮ್‌ನಿಂದ ತೆಗೆಯಿರಿ.

ಕಾಕ್‌ಪಿಟ್‌ನೊಳಗಿನ ಎಂಎಫ್‌ಡಿ ಪರದೆಯ ಅಕ್ಷರ ಮಬ್ಬಾಗಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಕಾಕ್‌ಪಿಟ್ ಡಿಸ್‌ಪ್ಲೇಗಳ ರೆಸಲ್ಯೂಷನ್ ಅನ್ನು 1024ಕ್ಕೆ ಏರಿಸಿ. ಅಂಕಿಗಳು ಬಾಲ ಎಳೆದುಕೊಂಡು ಓಡಾಡಿದರೆ ಅದು ಬಹುಮಟ್ಟಿಗೆ, ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಸೆಟ್ಟಿಂಗ್‌ನ ಕೆಲಸ. ಅದನ್ನು ತೆಗೆದು ನೋಡಿ. ಗ್ರಾಫಿಕ್ಸ್ ಡ್ರೈವರ್ ಬದಲಾದ ಮೇಲೆ ಕಾಕ್‌ಪಿಟ್‌ನಲ್ಲಿ ನೆರಳು ಮಿನುಗತೊಡಗಿದರೆ ಸ್ವಂತ ಮನೆಯಲ್ಲಿರುವ 'ಎಫ್ಎಕ್ಸ್ಓ' ಮತ್ತು 'ಮೆಟಾಶೇಡರ್ಸ್2' ಫೋಲ್ಡರ್‌ಗಳ ಒಳಗಿರುವುದನ್ನು ಅಳಿಸಿ. ಆಟ ಅವನ್ನು ಮತ್ತೆ ಮಾಡಿಕೊಳ್ಳುತ್ತದೆ. ಅದರ ನಂತರ ಮೊದಲ ಸಲ ತೆರೆಯಲು ತಡವಾಗುತ್ತದೆ. ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ.

ಇಷ್ಟರಲ್ಲಿ ಯಾವುದಕ್ಕೆ ಕೈ ಹಾಕುವ ಮುಂಚೆಯೂ ಕಾನ್ಫಿಗ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಹೆಸರಿನಲ್ಲಿ ತಾರೀಖು ಬರೆಯಿರಿ. ನನ್ನ ಪೆನ್‌ಡ್ರೈವ್‌ನಲ್ಲಿ ಈಗ ಹನ್ನೊಂದು ಇವೆ. ಒಂದರ ಹೆಸರು 'ಇದು ಸರಿಯಾಗಿದೆ', ಇನ್ನೊಂದರದು 'ಇದೇ ಸರಿ, ಹಿಂದಿನದ್ದಲ್ಲ'. ಅದಕ್ಕೇ ತಾರೀಖು ಬರೆಯಿರಿ ಅಂದಿದ್ದು.